ಪ್ರೆಸಿಡೆಂಟರ ಮನೆಯ ಹದ್ದು

"ಯಾರ್ಲಾ ಅದಕ್ಕೆ ಕಣ್ಣು ಇಕ್ಕು ಅಂದಿದ್ದು, ಬೋಳಿಮಗ್ನೆ?"

ಮರುಳಪ್ಪ ಮೊಬೈಲನ್ನು ಕದರಯ್ಯನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದ. ಹೊಸ ಮನೆಯ ಇಂಜಿನಿಯರ್ ಸಿದ್ಧಾರ್ಥ್ ತಾರಸಿಯಿಂದ ಬಗ್ಗಿ ತೆಗೆದ ಫೋಟೋ ಅದು; ಸಾರವೆಯ ಬಿದಿರ ಗಳು, ಹಲಗೆ ಅಡ್ಡವಿದ್ದು ಕೆಳಗಿನಿಂದ ಕಾಣದಿದ್ದುದು ಅದರಲ್ಲಿ ಕಂಡಿತ್ತು. ಮನೆಯ ನೆತ್ತಿಯ ಮೇಲಿನ ತ್ರಿಕೋನದ ಗೋಡೆಯಲ್ಲಿ ರೆಕ್ಕೆ ಬಿಚ್ಚಿದ ಗಾರೆಯ ಹದ್ದು. ಅದರ ಮುಖದಲ್ಲಿ ಎರಡು ಗೋಲಿಗಳು ಹಸಿರಾಗಿ ಮಿನುಗುತ್ತಿದ್ದವು.

ಮರುಳಪ್ಪ ಐದು ವರ್ಷ ಪಂಚಾಯ್ತಿ ಪ್ರೆಸಿಡೆಂಟಾಗಿದ್ದವನು. ಇಳಿದು ಹತ್ತು ವರ್ಷವಾದರೂ ಜನ ಅವನನ್ನು ಹಾಗೇ ಕರೆಯಬೇಕು. ಪ್ರೆಸಿಡೆಂಟ್ ಅಂದಮೇಲೆ ಮನೆ ಅಮೆರಿಕದ ಪ್ರೆಸಿಡೆಂಟರ ಮನೆಯ ಹಾಗೇ ಇರಬೇಕು. ಅದೂ ಇವತ್ತಿನದಲ್ಲ, ಮುಂದೆ ಚಾಚಿರುವ ಕಂಬದ ಪಡಸಾಲೆ ಆಮೇಲೆ ಸೇರಿಸಿದ್ದು, ತನಗೆ ಇನ್ನೂರ ಮೂವತ್ತು ವರ್ಷದ ಹಿಂದಿನ ಒರಿಜಿನಲ್ಲೇ ಬೇಕು ಎಂದು ಹಟ ಹಿಡಿದಿದ್ದ. ಸಿದ್ಧಾರ್ಥ್ ಆ ಮೊದಲ ನಕ್ಷೆಯನ್ನು ತುಮಕೂರಿನಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ ತಂದಿದ್ದ. ಗೋಡೆಯಲ್ಲಿ ಅರ್ಧ ಹೂತ ನಾಲ್ಕು ಕಂಬ, ಮೇಲೊಂದು ತ್ರಿಕೋನ, ಅದರೊಳಗೆ ಹದ್ದು. ಕಿಟಕಿಗಳ ತಲೆಗೆ ಒಂದಕ್ಕೆ ಕಮಾನು, ಪಕ್ಕದ್ದಕ್ಕೆ ತ್ರಿಕೋನದ ಮೊನೆ. ಎಡಕ್ಕೂ ಬಲಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಪಾಯ ತೆಗೆದ ದಿನ ಸಿದ್ಧಾರ್ಥ್, ಅಲ್ಲಿ ಕಲ್ಲು ಒಡೆದವರಲ್ಲಿ ಗುಲಾಮರೂ ಇದ್ದರು ಸಾರ್ ಎಂದು ಏನೋ ಹೇಳಲು ಹೋಗಿದ್ದ. ಮರುಳಪ್ಪ ಮಣ್ಣಿನ ಮಂಕರಿ ಹೊತ್ತು ನಿಂತವರ ಮೇಲೆಲ್ಲ ಕಣ್ಣಾಡಿಸಿದ್ದ.

"ಅದ್ಕೆ ನಮ್ಮಲ್ಲೇನ್ ಕಮ್ಮಿ ಬುಡು."

ಎಲ್ಲರೂ ನಕ್ಕಿದ್ದರು. ಕದರಯ್ಯನ ಅಪ್ಪ ಕಾಳಯ್ಯನೂ ನಕ್ಕಿದ್ದ.

ಚೇಳೂರು ಸೀಮೆಯಲ್ಲಿ ಗಾರೆಯಿಂದ ಹೂವು, ಹಕ್ಕಿ ಎಬ್ಬಿಸುವ ಕೈ ಕಾಳಯ್ಯನದು. ಆದರೆ ಗುಡಿಯ ಗೋಪುರಕ್ಕೆ ಅವನನ್ನು ಯಾರೂ ಕರೆದವರಲ್ಲ. ವಿಗ್ರಹದ ಕಣ್ಣನ್ನು ಕಟ್ಟಕಡೆಗೆ, ಪೂಜೆ ಮಾಡಿ ತೆರೆಯಬೇಕೆಂಬ ಪದ್ಧತಿ ಅವನಿಗೆ ಗೊತ್ತಾಗುವುದಾದರೂ ಹೇಗೆ? ಅವನದು ಮೊದಲು ಕಣ್ಣು, ಆಮೇಲೆ ಮೈ. ಅದು ನೋಡ್ತಾ ಇದ್ರೆ ಕೈ ಕಳ್ಳಾಟ ಆಡಾಕಿಲ್ಲ ಕಣ್ಲಾ ಅನ್ನುತ್ತಿದ್ದ ಮಗನಿಗೆ. ಸೋಡಾ ಬಾಟಲಿ ಒಡೆದು ತೆಗೆದ ಎರಡು ಗೋಲಿಗಳನ್ನು ಹಸಿ ಗಾರೆಗೆ ಒತ್ತಿ ಕೂರಿಸಿದ. ಕೊಕ್ಕು ಎಬ್ಬಿಸಿದ. ಮೂರನೇ ದಿನ ಸಾರವೆಯ ಹಲಗೆ ಜಾರಿ ನೆಲಕ್ಕೆ ಬಿದ್ದ.

ಸದ್ದಿಗೆ ಓಡಿಬಂದ ಮರುಳಪ್ಪ ಮೊದಲು ನೋಡಿದ್ದು ಮೇಲಕ್ಕೆ.

"ಕೊಕ್ಕೇನಾರ ಮುಕ್ಕಾಯ್ತೇನ್ರಲಾ?"

ಆ ಮಾತು ಕದರಯ್ಯನ ಕಿವಿಯೊಳಗೆ ಇನ್ನೂ ಮುಳ್ಳಿನಂತೆ ಕೂತಿತ್ತು. ನಾಲ್ಕು ತಿಂಗಳಾಯಿತು, ಅಪ್ಪ ಸೊಂಟದ ಕೆಳಗೆ ಜೀವವಿಲ್ಲದೆ ಮಲಗಿ. ರೆಕ್ಕೆ, ಉಗುರನ್ನು ಮಗ ಮಾಡಿ ಮುಗಿಸಿದ. ಸಂಜೆ ಮನೆಗೆ ಹೋದರೆ ಅಪ್ಪ ಕೇಳುವುದು ಹದ್ದಿನ ಸುದ್ದಿಯೊಂದನ್ನೇ. ನಾಳೆ ಗೃಹಪ್ರವೇಶ, ಅಷ್ಟರಲ್ಲಿ ಸಾರವೆ ಇಳಿದಿರುತ್ತದೆ, ಗೂಡ್ಸ್ ಆಟೋದಲ್ಲಿ ಚಾಪೆ ಹಾಸಿ ಕರೆದೊಯ್ದು ರಸ್ತೆಯಿಂದಲೇ ತೋರಿಸುತ್ತೇನೆ ಎಂದು ಮಗ ಮಾತು ಕೊಟ್ಟಿದ್ದ.

ಪುರೋಹಿತರು ದೂರದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮನೆಯ ಮೇಲೆ ಹದ್ದು ಅಪಶಕುನ ಎಂದು ಹೇಳಿದವರೂ ಅವರೇ, ಗರುಡ ಅಂದುಕೊಂಡರಾಯಿತು ಎಂದು ದಾರಿ ತೋರಿಸಿದವರೂ ಅವರೇ.

"ಕಣ್ಣಿಲ್ದಿದ್ರೆ ಬರೀ ಗಾರೆ, ಮರುಳಪ್ಪನೋರೆ. ಕಣ್ಣಿಟ್ರೆ ಜೀವ ಬಂತು ಅಂತ ಲೆಕ್ಕ. ಇವರ ಕೈಲಿ ಜೀವ ತುಂಬಿಸ್ಕೊಂಡಿರೋದರ ಕೆಳಗೆ ನಾನು ಹೋಮಕ್ಕೆ ಕೂತ್ಕೊಳಲ್ಲ. ಮುಚ್ಚಿಸ್ಬಿಡಿ."

ಇವರ ಕೈ ಎನ್ನುವಾಗ ಅವರು ನೋಡಿದ್ದು ಬಾಗಿಲಿಗೆ ಕಟ್ಟಿದ ಬಾಳೆಕಂದನ್ನು.

"ನಮ್ಮಪ್ಪ ಇಕ್ಕಿದ್ದು ಸಾರ್," ಎಂದ ಕದರಯ್ಯ.

"ಯಾವಪ್ಪ ಆದ್ರೇನ್ಲಾ, ಕೇರಿ ಕೈ ಕೇರಿ ಕೈಯೇ. ನಾಳೆ ಮಿನಿಸ್ಟ್ರು ಬತ್ತಾವ್ರೆ. ಹತ್ತು, ಮೆತ್ತು, ಸಾರವೆ ಬಿಚ್ಚು. ಏಯ್ ಓಬಳಿ, ನಿನ್ ಮಗಂಗೆ ಸಿಮೆಂಟ್ ಕಲಸ್ಕೊಡೇ."

ಓಬಳಮ್ಮ ಮೆಟ್ಟಿಲ ಬಳಿ ಗಾರೆಚೂರು ಗುಡಿಸುತ್ತಿದ್ದಳು. ಪೊರಕೆ ಬಿಟ್ಟು ಸಲಿಕೆ ಹಿಡಿದಳು. ಗಂಡ ಇಟ್ಟ ಕಣ್ಣನ್ನು ಮುಚ್ಚಲು ಅವಳೇ ಕಲಸಿದಳು. ಬಾಂಡ್ಲಿ ಎತ್ತಿಕೊಡುವಾಗ ಮಗನಿಗಷ್ಟೇ ಕೇಳುವಂತೆ ಅಂದಳು:

"ನೀರು ಜಾಸ್ತಿ ಮಾಡಿವ್ನಿ ಕಣಪ್ಪ. ಒಂದು ಮಳೆ ಬಂದ್ರೆ ತೊಳ್ಕಂಡ್ ಹೋಯ್ತದೆ."

ಮಳೆ ಯಾವತ್ತು ಬರುತ್ತದೋ. ಅಪ್ಪ ಬರುವುದು ನಾಳೆ.

ಮರುಳಪ್ಪ ಶಾಮಿಯಾನದವರನ್ನು ಬೈಯಲು ಹಿತ್ತಲಿಗೆ ಹೋದ. ಕದರಯ್ಯ ಸಾರವೆ ಹತ್ತಿ ತುದಿ ಹಲಗೆಯ ಮೇಲೆ ಹದ್ದಿಗೆ ಎದುರಾಗಿ ಕೂತ. ಗೋಲಿಯೊಳಗೆ ಅವನದೇ ಮುಖ ಸಾಸಿವೆಯಷ್ಟಾಗಿ ಕಂಡಿತು. ಕರಣೆ ಅದ್ದಿದ. ಸಿಮೆಂಟು ತೊಟ್ಟಿಕ್ಕಿತು. ಅದು ನೋಡುತ್ತಿತ್ತು. ಕೈ ಮುಂದೆ ಹೋಗಲಿಲ್ಲ.

ಅಂಗಿಯ ಚುಂಗಿನಿಂದ ಎರಡೂ ಗೋಲಿಗಳ ಧೂಳು ಒರೆಸಿ, ಕೆಳಗಿನ ಅಂತಸ್ತಿನಲ್ಲಿದ್ದ ಬೀರಯ್ಯನನ್ನು ಕೂಗಿದ. ಅಪ್ಪ ಬಿದ್ದ ಆ ಸಾರವೆ ಕಟ್ಟಿದವನು ಬೀರಯ್ಯ.

"ಬಿಚ್ಚಣ್ಣ."

ಬೀರಯ್ಯ ಕತ್ತೆತ್ತಿ ನೋಡಿದ. "ಮುಚ್ಚೇ ಇಲ್ವಲ್ಲೋ."

"ಬಿಚ್ಚು."

ಕದರಯ್ಯ ಬಾಂಡ್ಲಿ ಹಿಡಿದು ಕೆಳಗಿಳಿದ. ಬೀರಯ್ಯ ಹತ್ತಿ ಹೋಗಿ ಮೇಲಿನ ಗಂಟಿಗೆ ಕೈ ಹಾಕಿದ. ಹಲಗೆ, ಗಳು, ಹಗ್ಗ ಒಂದೊಂದಾಗಿ ಇಳಿದವು.

ಶಾಮಿಯಾನ ಏಳುವವರೆಗೆ ಹಿತ್ತಲಲ್ಲೇ ನಿಂತಿದ್ದ ಮರುಳಪ್ಪ ಹಿಂತಿರುಗಿದಾಗ ಕಡೆಯ ಗಳುವೂ ನೆಲದ ಮೇಲಿತ್ತು.

"ಆಯ್ತೇನ್ಲಾ?"

"ಆಯ್ತು."

ಪಡುವಣ ಬಿಸಿಲು ನೇರವಾಗಿ ತ್ರಿಕೋನಕ್ಕೆ ಬಡಿಯುತ್ತಿತ್ತು. ಮರುಳಪ್ಪ ತಲೆ ಎತ್ತಿದ. ಎರಡು ಹಸಿರು ಕಿಡಿಗಳು ಅವನನ್ನೇ ನೋಡುತ್ತಿದ್ದವು.

ಅವನ ಬಾಯಿಂದ ಓಬಳಮ್ಮನ ಹೆಸರು ಹಿಡಿದೇ ಬೈಗುಳ ಬಂತು. ಈಗಲೇ ಕಟ್ಟಿ, ಈಗಲೇ ಹತ್ತಿ ಎಂದು ಅರಚಿದ. ತಾರಸಿಯಿಂದ ಬಗ್ಗಿದರೆ ಫೋಟೋ ತೆಗೆಯಬಹುದು, ಕೈ ಎಟುಕುವುದಿಲ್ಲ. ಅಷ್ಟೆತ್ತರದ ಏಣಿ ಊರಲ್ಲಿಲ್ಲ. ಕಟ್ಟೋಕೆ ಎರಡು ದಿನ ಬೇಕು ಎಂದ ಬೀರಯ್ಯ ಗಳುಗಳ ರಾಶಿಯ ಮೇಲೆ ಕೂತು ಬೀಡಿ ಹಚ್ಚಿದ.

ಕದರಯ್ಯ ಬಾಂಡ್ಲಿ ಹಿಡಿದು ಮೆಟ್ಟಿಲು ಹತ್ತಿದ. ಅರಿಶಿನ ಬಳಿದ ಹೊಸ್ತಿಲ ಮೇಲೆ ಅದನ್ನು ಬೋರಲು ಹಾಕಿದ. ನೀರು ಜಾಸ್ತಿಯಾದ ಸಿಮೆಂಟು ರಂಗೋಲಿಯನ್ನು ಎಳೆದುಕೊಂಡು ಒಂದೊಂದೇ ಮೆಟ್ಟಿಲು ಇಳಿಯಿತು. ಪುರೋಹಿತರು ಪಂಚೆ ಎತ್ತಿಕೊಂಡು ಎದ್ದರು.

"ಕಣ್ಣು ಮುಚ್ಬೇಕಲ್ವಾ? ತಗಳಿ. ನಿಮ್ಮವು ಮುಚ್ಕಳಿ."

ಗೇಟಿನ ಕಡೆಯಿಂದ ಮರುಳಪ್ಪನ ಆಳುಗಳು ಓಡಿ ಬರುತ್ತಿದ್ದರು. ಓಬಳಮ್ಮ ಸೆರಗು ಸಿಕ್ಕಿಸಿಕೊಂಡು, ಸಲಿಕೆ ಎತ್ತಿ, ಮಗನ ಪಕ್ಕ ಬಂದು ನಿಂತಳು.