ಕೈ ಹಿಂದಿರಲಿ

ಮತ್ತೆ ಅದೇ ಮೆಣಸಿನಕಾಯಿ ಘಾಟು, ಫಿನೈಲ್ ಹಾಕಿ ಒರೆಸಿದರೂ ಹೋಗಿಲ್ಲ, ಹಾವೇರಿಯಿಂದ ತಪಾಸಣೆಗೆ ಬಂದ ಮೇಡಂ ಬಾಗಿಲಲ್ಲೇ ಕೆಮ್ಮುತ್ತಾರೆ, ಬ್ಯಾಡಗಿ ಅಂದಮ್ಯಾಲ ಘಾಟು ಇದ್ದದ್ದ ಬಿಡ್ರಿ ಅನ್ನುತ್ತೇನೆ, ಎಷ್ಟು ಸಲೀಸಾಗಿ ಬಂತು ಸುಳ್ಳು, ಈ ಅನಾಥ ಮಕ್ಕಳ ಮನೆಗೆ ನಾನು ತಾಯಿಯಂತೆ, ಸುಶೀಲವ್ವ, ಸಂಬಳದ ತಾಯಿ — ಹುಡುಗಿಯರು ಗೋಡೆಗುಂಟ ನಿಂತಿದ್ದಾರೆ, ಕೈ ಹಿಂದೆ, ನಾನೇ ಹೇಳಿದ್ದು, ಕೈ ಹಿಂದ ಇರಲಿ, ಯಾರ ಕೇಳಿದ್ರೂ ತೋರಿಸಬ್ಯಾಡ್ರಿ. ಮೊನ್ನೆ ವಿರೂಪಾಕ್ಷಪ್ಪನವರು ಮೆಣಸಿನಕಾಯಿ ಚೀಲ ಇಳಿಸಿದರು, ಈ ಮಕ್ಕಳ ಮನೆಯ ಅಧ್ಯಕ್ಷರೂ ಅವರೇ, ಪೇಟೆಯಲ್ಲಿ ಮೆಣಸಿನಕಾಯಿ ಮಾರಿಸುವ ಅಡತಿ ಅಂಗಡಿಯೂ ಅವರದೇ, ಸಾಲಿ ಸೂಟಿ ಐತಿ, ಹುಡುಗ್ಯಾರು ಸುಮ್ಮ ಕುಂದ್ರೂದ್ಯಾಕ, ತೊಟ್ಟು ಬಿಡಸ್ಲಿ ಅಂದರು, ನಾನು ಆತ್ರೀ ಅಂದೆ, ನನ್ನವ್ವ ಬಿಡಿಸುತ್ತಿದ್ದಳು, ನಾನೂ ಬಿಡಿಸಿದವಳು, ಅದೇನು ಮಹಾ ಅಂತ — ಹೊಟ್ಟೆಯ ಮಗಳಾಗಿದ್ದರೆ ಕೂರಿಸುತ್ತಿದ್ದೆನೇ, ನಾಚಿಕೆಗೇಡಿ. ಶಬನಮ್ ಕಣ್ಣುಜ್ಜಿಕೊಂಡು ಅತ್ತಾಗ ಬೈದೆ, ನೀರು ಹಚ್ಚಬ್ಯಾಡ, ಉರಿ ಏರತೈತಿ, ಕೈಗೆ ಎಣ್ಣಿ ಹಚ್ಕೊ, ಅವಳಜ್ಜಿ ಅಮೀರಬಿ ಕರ್ಜಗಿಯಿಂದ ಕರೆತಂದು ಬಿಟ್ಟ ದಿನ ನನ್ನ ಕೈ ಹಿಡಿದು, ನಿಮ್ಮ ಉಡ್ಯಾಗ ಹಾಕೇನ್ರೀ ಯವ್ವಾ, ಇನ್ನ ನೀವ ಇಕಿ ತಾಯಿ ಅಂದಿದ್ದಳು — ನಿನ್ನೆ ಊಟಕ್ಕೆ ಒಬ್ಬಳಿಗೂ ಅನ್ನ ಕಲಸಲಾಗಲಿಲ್ಲ, ಬೆರಳು ಕೆಂಪಗೆ ಊದಿದ್ದವು, ನಾನೇ ಸಾರು ಕಲಸಿ ತುತ್ತು ಕೊಟ್ಟೆ, ಸಾಲಾಗಿ ಕುಂತು ಬಾಯಿ ತೆರೆದರು, ಆಗ ನನಗೇನು ಅನಿಸಿತು, ಹೆಮ್ಮೆ, ತಾಯಿ ಅಂದರೆ ಹೀಗೆ ಅಂತ ಹೆಮ್ಮೆ, ಥೂ ನನ್ನ ಜನ್ಮಕ್ಕೆ.

ಯಾರರೆ ಬೈತಾರೇನವ್ವಾ, ಕೆಲಸಾ ಹಚ್ತಾರೇನು, ಮೇಡಂ ಕೇಳುತ್ತಾರೆ, ಇಲ್ರೀ, ಎಲ್ಲರೂ ಒಟ್ಟಿಗೆ ಇಲ್ರೀ, ನಾನು ಕಲಿಸಿದ ಹಾಗೇ, ಈಗಲಾದರೂ ಹೇಳು ಸುಶೀಲಿ, ನಾಳೆ ಮತ್ತೆ ಚೀಲ ಬರುತ್ತವೆ, ಹೇಳಿದರೆ ಕೆಲಸ ಹೋಗುತ್ತದೆ, ಹೋದರೆ ಹೋಗಲಿ — ತಗೊಳವ್ವಾ, ಮೇಡಂ ಶಬನಮ್‌ಗೆ ಪೇಢೆ ಚಾಚಿದ್ದಾರೆ, ಅವಳು ನನ್ನ ಮುಖ ನೋಡುತ್ತಾಳೆ, ಕೈ ಮುಂದೆ ಬರುವುದಿಲ್ಲ, ಬಾಯಿ ತೆರೆಯುತ್ತಾಳೆ. ಎಷ್ಟ ಮುದ್ದು ಮಾಡೀರಿ ಸುಶೀಲವ್ವ, ಬಾಯಾಗ ಇಡಬೇಕೇನ ಇಕಿಗೆ, ಮೇಡಂ ನಗುತ್ತ ಬಾಯಿಗೇ ಇಡುತ್ತಾರೆ, ನಾನೂ ನಗುತ್ತೇನೆ, ನಕ್ಕೆನಲ್ಲ, ಪಕ್ಕದ ಅಂಜಲಿಯ ಕೈಯೂ ಹಿಂದೆ, ಅವಳೂ ಬಾಯಿ ತೆರೆಯುತ್ತಾಳೆ, ಅವಳಾಚೆಯವಳೂ, ಅವಳಾಚೆಯವಳೂ, ಮೇಡಂ ನಗು ನಿಂತಿದೆ, ಪೇಢೆ ಹಿಡಿದ ಕೈ ಅಲ್ಲೇ ನಿಂತಿದೆ, ಅವರು ನನ್ನ ಕಡೆ ತಿರುಗುತ್ತಿದ್ದಾರೆ, ಸಾಲಿಗೆ ಸಾಲೇ ಕೈ ಹಿಂದೆ, ಬಾಯಿ ತೆರೆದು, ನಿನ್ನೆಯ ಹಾಗೇ, ಬಾಯಿ ತೆರೆದು —