ಗೆರೆಗಳು ಕೂಡುವ ನಿಲ್ದಾಣ

ನಾನು ಒಂದು ಫೂಟ್‌ಪಟ್ಟಿ. ಮರವಾಗಿದ್ದ ಕಾಲದ್ದು ನನಗೆ ಕನಸಿನಷ್ಟು ಮಾತ್ರ ನೆನಪಿದೆ. ಎತ್ತರದಲ್ಲಿ ಗಾಳಿ, ಕೆಳಗೆಲ್ಲೋ ನೀರಿನ ಸದ್ದು, ತೊಗಟೆಯ ಮೇಲೆ ಸಾಲುಹಿಡಿದ ಇರುವೆಗಳು. ಆಮೇಲೆ ನಾನು ಕಣ್ಣು ಬಿಟ್ಟದ್ದು ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ. ನನ್ನ ಜೊತೆಯ ಬೀಟೆ ಹಲಗೆಗಳೆಲ್ಲ ದೊಡ್ಡ ಸಾಹೇಬರ ರೈಲುಡಬ್ಬಿಯ ಒಳಗೋಡೆಯಾಗಿ ಊರೂರು ತಿರುಗಲು ಹೋದವು. ಮಿಕ್ಕ ಒಂದು ತುಂಡನ್ನು ಕಾಳಪ್ಪ ಬಡಿಗೇರ ಕೈಗೆತ್ತಿಕೊಂಡು, ಉಜ್ಜುಗೊರಡು ಹಾಕಿ, ಕಣ್ಣ ಮಟ್ಟಕ್ಕೆ ಹಿಡಿದು ನೋಡಿ, ಮತ್ತೆ ಉಜ್ಜಿ ನನ್ನನ್ನು ಮಾಡಿದ. ಇಂಚಿನ ಗೀಟು ಕೊರೆಯಲಿಲ್ಲ. ಕೇಳಿದವರಿಗೆ ಅಳತೆ ಬೇಕಾಗಿರಲಿಲ್ಲ, ನೇರವಾದ ಅಂಚು ಬೇಕಾಗಿತ್ತು. ಆದರೂ ಎಲ್ಲರ ಬಾಯಲ್ಲಿ ನಾನು ಫೂಟ್‌ಪಟ್ಟಿಯೇ ಆದೆ.

ಕೇಳಿದವರು ಪ್ರಾಣೇಶರಾಯರು. ರೈಲು ಓಡಿಸುವ ಕಂಟ್ರೋಲ್ ರೂಮಿನಲ್ಲಿ ಅವರ ಕೆಲಸ. ಅಲ್ಲಿ ಉದ್ದನೆಯ ಮೇಜು, ಮೇಜಿನ ತುಂಬ ಹಾಸಿದ ಕಾಗದ. ಕಾಗದದ ಎಡಕ್ಕೆ ಮೇಲಿಂದ ಕೆಳಗೆ ಸ್ಟೇಷನ್ನುಗಳ ಹೆಸರು, ತಲೆಯ ಮೇಲೆ ಉದ್ದಕ್ಕೂ ಗಂಟೆಗಳು. ಒಂದೊಂದು ರೈಲಿಗೂ ಒಂದೊಂದು ಓರೆ ಗೆರೆ. ಆಗ ಇದ್ದದ್ದು ಒಂಟಿ ಹಳಿ. ಹೋಗುವ ಗಾಡಿಯ ಗೆರೆಯೂ ಬರುವ ಗಾಡಿಯ ಗೆರೆಯೂ ಎಲ್ಲಿ ಕೂಡುತ್ತವೋ ಅಲ್ಲಿ ಒಂದು ನಿಲ್ದಾಣ ಇರಲೇಬೇಕು. ಒಂದು ಗಾಡಿ ಸೈಡಿಂಗ್ ಅನ್ನುವ ಬದಿಯ ಹಳಿಗೆ ಸರಿದು ನಿಲ್ಲಬೇಕು, ಇನ್ನೊಂದು ಮುಂದೆ ಹೋಗಬೇಕು. ಎಲ್ಲೋ ಒಂದು ಎಂಜಿನ್ ಕೆಟ್ಟಿತೆಂದರೆ ಎಲ್ಲ ಗೆರೆಗಳನ್ನೂ ಹೊಸದಾಗಿ ಯೋಚಿಸಬೇಕು. ರಾಯರು ಕಿವಿಗೆ ಫೋನು ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಪೆನ್ಸಿಲು, ಇನ್ನೊಂದರಲ್ಲಿ ನನ್ನನ್ನು ಹಿಡಿದು, ಇನ್ನೂ ಬಾರದ ಹೊತ್ತಿನಲ್ಲಿ ಬದುಕುತ್ತಿದ್ದರು. ನಾನು ಅವರ ಅಂಗೈಯ ಬಿಸಿಯಲ್ಲಿ ಅರೆನಿದ್ದೆ ಮಾಡುತ್ತಾ, ಓರೆಯಾಗಿ ಸುರಿಯುವ ಮಳೆಯಂಥ ಆ ಗೆರೆಗಳನ್ನು ನೋಡುತ್ತಿದ್ದೆ. ಗೆರೆಗಳ ಒಳಗೆ ಜನ ನಿದ್ದೆ ಹೋಗಿದ್ದಾರೆ, ಬುತ್ತಿ ಬಿಚ್ಚುತ್ತಿದ್ದಾರೆ, ಕಿಟಕಿಗೆ ಕೆನ್ನೆ ಆನಿಸಿದ್ದಾರೆ ಎಂದು ಅನಿಸುತ್ತಿತ್ತು.

ನಿವೃತ್ತರಾದ ದಿನ ರಾಯರು ನನ್ನನ್ನು ಧಾರವಾಡದ ಮನೆಗೆ ತಂದರು. ಅಲ್ಲಿ ನನಗೆ ವತ್ಸಲಾಳ ಪರಿಚಯವಾಯಿತು. ಆಕೆ ರಾಯರ ಹೆಂಡತಿ. ಮ್ಯಾಟ್ರಿಕ್ಕಿನ ಗಣಿತದಲ್ಲಿ ಶಾಲೆಗೇ ಮೊದಲು ಬಂದವಳು. ಅಷ್ಟು ಸಾಕು ಎಂದು ಅಪ್ಪ ಮದುವೆ ಮಾಡಿದ್ದರು. ಮನೆಯ ಒಳಗಿನದೆಲ್ಲ ಆಕೆಯದು, ಹೊಸ್ತಿಲು ದಾಟಿದ್ದೆಲ್ಲ ರಾಯರದು. ಯಾವ ಊರಿಗೆ ಹೋಗುವುದಿದ್ದರೂ ಟಿಕೀಟು, ಬಸ್ಸು, ದಾರಿ ಎಲ್ಲ ಅವರು ನೋಡಿಕೊಳ್ಳುತ್ತಿದ್ದರು. ಜನಜಂಗುಳಿಯಲ್ಲಿ ಅವರ ಬೆನ್ನು ಕಂಡರೆ ವತ್ಸಲಾಳಿಗೆ ಸಾಕಾಗಿತ್ತು. ದಾರಿಯನ್ನು ಆಕೆ ನೋಡಿರಲೇ ಇಲ್ಲ.

ರಾಯರು ಮನೆಯಲ್ಲಿ ಸುಮ್ಮನೆ ಕೂತವರಲ್ಲ. ಅವರ ತಾಯಿಗೆ ಅರವತ್ತು ತುಂಬುವ ಮೊದಲೇ ಮರೆವಿನ ರೋಗ ಬಂದು, ಕೊನೆಗೆ ಮಗನನ್ನೇ ತಮ್ಮನೆಂದು ತಿಳಿದು ಕರೆಯುತ್ತಿದ್ದರಂತೆ. ಆ ಭಯ ರಾಯರ ಬೆನ್ನ ಹಿಂದೆಯೇ ಇತ್ತು. ಹೀಗಾಗಿ ನೆಂಟರಿಷ್ಟರ ಯಾತ್ರೆ, ಮದುವೆ, ಮುಂಜಿವಿ ಎಲ್ಲದರ ಪ್ರಯಾಣವನ್ನೂ ಅವರೇ ಮೈಮೇಲೆ ಹಾಕಿಕೊಂಡು, ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಗೆರೆ ಎಳೆದು ಕೊಡುತ್ತಿದ್ದರು. ಎಪ್ಪತ್ತು ದಾಟಿತು. ತಾಯಿಯ ರೋಗ ತನ್ನನ್ನು ಬಿಟ್ಟು ಹೋಯಿತು ಎಂದು ಅವರು ನಿಧಾನವಾಗಿ ನಂಬತೊಡಗಿದರು.

ಒಂದು ಮಧ್ಯಾಹ್ನ ಸೋದರಳಿಯನ ಮನೆಯ ಮುಂಜಿವಿಗೆ ಬರುವವರ ಗಾಡಿಗಳನ್ನು ಹೊಂದಿಸುತ್ತಾ ಮೇಜಿನ ಮುಂದೆ ಕೂತಿದ್ದರು. ಪೆನ್ಸಿಲು ನನ್ನ ಅಂಚು ಹಿಡಿದು ಸಾಗಿತು. ಎರಡು ಗೆರೆಗಳು ಕೂಡಿದವು. ರಾಯರ ಕೈ ನಿಂತಿತು. ಅಳಿಸಿ ಮತ್ತೆ ಎಳೆದರು. ಮತ್ತೆ ಅಲ್ಲೇ ಕೂಡಿದವು. ಮೂರನೆಯ ಸಲ ನನ್ನ ಮೇಲಿದ್ದ ಅವರ ಅಂಗೈ ಬೆವೆತು ತಣ್ಣಗಾಗಿತ್ತು. ವತ್ಸಲಾ ಚಹಾ ತಂದಳು. ರಾಯರು ಆಕೆಗೆ ಕೂಡಲು ಹೇಳಿದರು. ಅವರು ಹೆಂಡತಿಯನ್ನು ಆ ಮೇಜಿನ ಮುಂದೆ ಕೂಡಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಈ ಗೆರಿ ನೋಡು,” ಎಂದರು. “ಇವೆರಡೂ ಕೂಡೋ ಕಡೆ ಸ್ಟೇಷನ್ ಇಲ್ಲ. ಇಲ್ಲ ಅಂತ ನಂಗ ಗೊತ್ತದ. ಆದ್ರೂ ಕೈ ಇಲ್ಲೇ ಬರ್ಲಿಕ್ಹತ್ತದ.”

ಆಮೇಲೆ ಎಲ್ಲ ಹೇಳಿದರು. ಹೆಸರು ನೆನಪಾಗದೆ ಎಲ್ಲರನ್ನೂ ‘ಏನಪಾ ದೋಸ್ತ’ ಎಂದು ಕರೆಯುತ್ತಿದ್ದದ್ದು, ತರಕಾರಿಗೆ ಹೋದಾಗ ಓಣಿ ಮರೆತು ನೀರಿನ ಟ್ಯಾಂಕಿಯ ಗುರುತು ಹಿಡಿದು ಮನೆ ಸೇರಿದ್ದು, ಇಸ್ಪೀಟಿನಲ್ಲಿ ಸೋತಾಗ ಬೇಕಂತಲೇ ಸೋತೆ ಎಂದು ನಕ್ಕದ್ದು. ಎಷ್ಟೋ ತಿಂಗಳಿಂದ ಅವರು ತಮ್ಮ ಜಾಣತನವನ್ನೆಲ್ಲ ಆ ಮರೆವನ್ನು ಮುಚ್ಚಲು ಬಳಸಿದ್ದರು. ವತ್ಸಲಾ ಗೆರೆಯನ್ನೇ ನೋಡುತ್ತಿದ್ದಳು. “ನಾಳೆ ಡಾಕ್ಟರ್ ಕಡೆ ಹೋಗೋಣ್ರಿ. ದಾರಿ ನಾ ಕೇಳ್ಕೋತೀನಿ,” ಎಂದಳು.

ರಾಯರು ನನ್ನನ್ನೂ ಆ ಹಾಳೆಯನ್ನೂ ಚೀಲದಲ್ಲಿ ಹಾಕಿಕೊಂಡೇ ಆಸ್ಪತ್ರೆಗೆ ಹೋದರು. ಡಾಕ್ಟರು ವಿಜಯಪುರದ ಕಡೆಯ ಹೆಣ್ಣುಮಗಳು, ಶಿವಗಂಗಾ ಅಂತ. ತಲೆಯ ಚಿತ್ರ ತೆಗೆಸಿ ನೋಡಿದರು, ಕತೆ ಹೇಳಿ ತಿರುಗಿ ಹೇಳಿಸಿದರು, ಗಡಿಯಾರ ಬರೆಸಿದರು. ಕೊನೆಗೆ, ರೋಗ ಬಂದು ಬಹಳ ದಿನವಾಗಿದೆ, ಚಿತ್ರದಲ್ಲಿ ಕಾಣುವಷ್ಟು ಹಾನಿ ಮಾತಿನಲ್ಲಿ ಕಾಣುತ್ತಿಲ್ಲ ಎಂದರು. ರಾಯರಿಗೆ ಸಿಟ್ಟು ಬಂತು. ಜನ್ಮವೆಲ್ಲ ತಲೆ ಉಪಯೋಗಿಸಿದೆನಲ್ಲ, ತಲೆಗೆ ಕೆಲಸ ಕೊಟ್ಟವರಿಗೆ ಈ ರೋಗ ಬರುವುದಿಲ್ಲ ಎನ್ನುತ್ತಾರಲ್ಲ, ಅದೆಲ್ಲ ಸುಳ್ಳೇ ಎಂದು ಕೇಳಿದರು.

“ಕಾಕಾ, ನಮ್ಮೂರಾಗ ಹಗೇವ ಇರ್ತಿದ್ದೂ,” ಎಂದರು ಡಾಕ್ಟರು. “ನೆಲದಾಗ ತಗ್ಗು ತೋಡಿ ಜ್ವಾಳ ತುಂಬಿಡೂದು. ತುಂಬಿದ ಹಗೇವಿಗೆ ಇಲಿ ಹೊಕ್ಕರೂ ಮನ್ಯಾಗ ರೊಟ್ಟಿ ಬಡಿಯೂದು ನಿಲ್ಲಂಗಿಲ್ಲ. ಅರ್ಧ ತಿಂದು ಹೋದ್ರೂ ಗೊತ್ತಾಗಂಗಿಲ್ಲ. ನಿಮ್ಮ ಕೆಲಸ ಮಾಡಿದ್ದು ಅದ ನೋಡ್ರಿ, ಹಗೇವ ತುಂಬಿದ್ದು. ಇಲಿ ಬರಬ್ಯಾಡ ಅನ್ನಾಕ ಅದರಿಂದ ಆಗಂಗಿಲ್ಲ.”

ಮತ್ತೂ ಹೇಳಿದರು. ತಲೆಗೆ ಕಸರತ್ತು ಕೊಡುವ ಕೆಲಸ ಮಾಡಿದ ಬಹಳ ಜನರನ್ನು ಒಟ್ಟಿಗೆ ನೋಡಿದಾಗ ಈ ರೋಗ ಕಡಿಮೆ, ಬಂದರೂ ತಡವಾಗಿ ಬರುತ್ತದೆ. ಆದರೆ ಒಬ್ಬರ ವಿಷಯದಲ್ಲಿ ಹೀಗೇ ಎಂದು ಯಾರೂ ಹೇಳಲಾರರು. ಹಗೇವಿನ ಕಾಳು ತೀರುತ್ತ ಬಂದಾಗ ಮಾತ್ರ ಬೇಗ ಬೇಗ ತೀರಿದಂತೆ ಕಾಣಬಹುದು. ಇದನ್ನು ಅವರು ರಾಯರ ಮುಖ ನೋಡಿಯೇ ಹೇಳಿದರು. ರಾಯರು ಚೀಲದೊಳಗೆ ಕೈ ಹಾಕಿ ನನ್ನನ್ನು ಹಿಡಿದುಕೊಂಡರು.

ಮನೆಗೆ ಬಂದವರೇ ವತ್ಸಲಾಳನ್ನು ಮೇಜಿಗೆ ಕರೆದರು. “ನನ್ನ ಗಾಡಿ ಇನ್ನ ಮುಂದ ನೀ ಓಡಸಬೇಕು. ಈಗ ಕಲಿಸ್ತೀನಿ, ಬಾ.” ಆಕೆ ಒಲ್ಲೆ ಎಂದಳು. ಈ ವಯಸ್ಸಿನಲ್ಲಿ ತಲೆಗೆ ಹತ್ತುವುದಿಲ್ಲ ಎಂದಳು. ಆದರೆ ಬಂದಳು.

ಆ ಮಧ್ಯಾಹ್ನಗಳು ನನಗೆ ಈಗಲೂ ಮಂಪರಿನಲ್ಲಿ ಬರುತ್ತವೆ. ಕಿಟಕಿಯ ಬಿಸಿಲು ಕಾಗದದ ಮೇಲೆ ಜರುಗುತ್ತಿತ್ತು. ಬಳೆ ತೊಟ್ಟ ಕೈ ನನ್ನನ್ನು ಮೊದಲು ಪಲ್ಯದ ಚಮಚ ಹಿಡಿದಂತೆ ಹಿಡಿಯಿತು. ಗೆರೆ ಎಳೆಯುವಾಗ ನಾನು ಜಾರುತ್ತಿದ್ದೆ. ರಾಯರು ಒಮ್ಮೊಮ್ಮೆ ಅದ್ಭುತವಾಗಿ ಹೇಳಿಕೊಡುವರು, ಒಮ್ಮೊಮ್ಮೆ ತಾವೇ ಹೇಳಿದ್ದನ್ನು ಮರೆತು ಆಕೆ ತಪ್ಪು ಮಾಡಿದಳೆಂದು ರೇಗುವರು. ಅಂಥ ಒಂದು ದಿನ ನನ್ನನ್ನು ಎತ್ತಿ ಗೋಡೆಗೆ ಎಸೆದರು. ನನ್ನ ಒಂದು ಮೂಲೆ ಮುರಿದು ಹಾರಿತು. ವತ್ಸಲಾ ಎದ್ದು ಹೋಗಿ ನನ್ನನ್ನು ಹೆಕ್ಕಿ ತಂದಳು, ಸೆರಗಿನಿಂದ ಒರೆಸಿ, ಮುರಿಯದ ಕಡೆಯಿಂದ ಗೆರೆ ಮುಂದುವರಿಸಿದಳು.

ದಿನ ಕಳೆದಂತೆ ಆಕೆಯ ಕೈ ಪಳಗಿತು. ಕೈಗಿಂತ ಹೆಚ್ಚಾಗಿ ಆಕೆಯೊಳಗೆ ಏನೋ ಎದ್ದು ಕೂತಿತ್ತು. ಅಕ್ಕಿ ಆರಿಸುತ್ತಾ ಗಾಡಿ ಹೊಂದಿಸುವಳು, ಒಗ್ಗರಣೆಗೆ ಸಾಸಿವೆ ಹಾಕಿ ಓಡಿ ಬಂದು ಒಂದು ಗೆರೆ ಎಳೆದು ಹೋಗುವಳು. ಹಾಗೆ ಓಡಿ ಬಂದ ಒಂದು ದಿನ, ಮೂರು ಗಾಡಿಗಳ ಕಗ್ಗಂಟೊಂದು ಬಿಚ್ಚಿಕೊಂಡಿತು. ಆಕೆಯ ಮುಖ ಅರಳಿತು. ಮರುಗಳಿಗೆಯೇ ಬಾಡಿತು. ಎದುರಿಗೆ ರಾಯರು ಅಂಗಿಯ ಗುಂಡಿಯನ್ನು ಯಾವ ತೂತಿಗೆ ಹಾಕಬೇಕೆಂದು ತಿಳಿಯದೆ ಕೂತಿದ್ದರು.

ವತ್ಸಲಾ ಗುಂಡಿ ಹಾಕಿದಳು. ಹಾಕುತ್ತಾ, “ಇದನ್ನ ಕಲಿಯೂದ್ರಾಗ ನಂಗ ಖುಷಿ ಆಗ್ಲಿಕ್ಹತ್ತದ. ನಿಮ್ಮನ್ನ ನೋಡಿದ್ರ ಆ ಖುಷೀಗೆ ನಾಚಿಕಿ ಬರ್ತದ,” ಎಂದಳು.

ರಾಯರು ಎಷ್ಟು ಅರ್ಥ ಮಾಡಿಕೊಂಡರೋ ತಿಳಿಯದು ಎಂದುಕೊಂಡೆ. ಅವರು ಆಕೆಯ ಕೈ ಹಿಡಿದರು. “ನಿನ್ನ ತಲೀನ ನಾ ಇಷ್ಟು ವರ್ಷ ಸೈಡಿಂಗ್‌ನ್ಯಾಗ ನಿಲ್ಲಿಸಿಬಿಟ್ಟಿದ್ದೆ, ವತ್ಸಲಾ. ಸಿಗ್ನಲ್ ಕೊಡಬೇಕಾದಾವ ನಾನ ಇದ್ದೆ.”

ಆಕೆಯ ಕಣ್ಣೀರು ನನ್ನ ಮೇಲೆ ಬಿತ್ತು. ಬೀಟೆಗೆ ನೀರು ಬೇಗ ಇಳಿಯುವುದಿಲ್ಲ, ಬಹಳ ಹೊತ್ತು ಹಾಗೇ ನಿಂತಿತ್ತು.

ಮುಂದಿನ ವರ್ಷ ರಾಯರನ್ನು ಹಗಲೆಲ್ಲ ಒಬ್ಬಳೇ ನೋಡಿಕೊಳ್ಳುವುದು ಆಗದಾಯಿತು. ಮರೆವಿನವರನ್ನು ಬೆಳಿಗ್ಗೆ ಕರೆದೊಯ್ದು ಸಂಜೆ ಮನೆಗೆ ತಲುಪಿಸುವ ಒಂದು ಹಗಲುಮನೆ ಊರಲ್ಲಿ ಶುರುವಾಗಿತ್ತು. ಅಲ್ಲಿ ಇದ್ದದ್ದು ಒಂದೇ ವ್ಯಾನು. ಅದು ಬಂದಾಗ ಬಂತು, ಇಲ್ಲದಾಗ ಇಲ್ಲ. ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ಕೂತ ಮುದುಕರು ಕಾದು ಕಾದು ಗಾಬರಿಯಾಗಿ ಅಳುತ್ತಿದ್ದರು. ಕೆಲವರು ಎದ್ದು ಎತ್ತಲೋ ನಡೆದುಬಿಡುತ್ತಿದ್ದರು. ವತ್ಸಲಾ ಒಂದು ವಾರ ಸಹಿಸಿದಳು. ಆಮೇಲೆ ಹಗಲುಮನೆಯ ಮೇಲ್ವಿಚಾರಕರ ಮೇಜಿನ ಮೇಲೆ ನನ್ನನ್ನಿಟ್ಟು, ಒಂದು ದೊಡ್ಡ ಕಾಗದ ಕೇಳಿದಳು. ಎಡಕ್ಕೆ ಮನೆಗಳು, ಮೇಲೆ ಗಂಟೆಗಳು. ಯಾರು ಬೇಗ ಏಳುತ್ತಾರೆ, ಯಾರು ಯಾರ ಪಕ್ಕ ಕೂತರೆ ಸಮಾಧಾನದಿಂದ ಇರುತ್ತಾರೆ, ಯಾವ ಓಣಿಗೆ ಶಾಲೆ ಬಿಡುವ ಹೊತ್ತಿನಲ್ಲಿ ಹೋಗಬಾರದು ಎಂದೆಲ್ಲ ಕೇಳಿ ಕೇಳಿ ಗೆರೆ ಎಳೆದಳು. ತಿಂಗಳೊಳಗೆ ಅಳು ನಿಂತಿತು. ಮೇಲ್ವಿಚಾರಕರು ಈ ಕೆಲಸಕ್ಕೆ ನೀವೇ ಬರಬೇಕೆಂದು ಕೇಳಿಕೊಂಡರು. ಹೀಗೆ ವತ್ಸಲಾ ಎಪ್ಪತ್ತರ ಹತ್ತಿರ ಹತ್ತಿರ, ಬಾಳಿನಲ್ಲಿ ಮೊದಲ ಸಲ ನೌಕರಿಗೆ ಸೇರಿದಳು. ಅಲ್ಲಿಯ ಜನ ವತ್ಸಲಾಬಾಯಿಯವರು ಎನ್ನುತ್ತಿದ್ದರು. ಕೇಳಿ ಕೇಳಿ ನನಗೂ ಈಗ ಹಾಗೆಯೇ ಬಾಯಿಗೆ ಬರುತ್ತದೆ.

ರಾಯರು ಅದೇ ವ್ಯಾನಿನಲ್ಲಿ ಬರುತ್ತಿದ್ದರು. ಅಂಗಳದ ಬೇವಿನ ಕೆಳಗೆ ಕೂತು ಬಿದ್ದ ಎಲೆಗಳನ್ನು ಸಾಲಾಗಿ ಜೋಡಿಸುತ್ತಿದ್ದರು. ಒಂದು ದಿನ ಮೇಜಿನ ಹತ್ತಿರ ಬಂದು, ಕೈಮುಗಿದು, “ಬಾಯಾರ, ನಮ್ಮ ಮನಿಯಾಕಿ ದಾರಿ ನೋಡ್ತಿರ್ತಾಳ. ನನ್ನನ್ನ ಮನೀಗೆ ಬಿಡ್ತೀರೇನು?” ಎಂದು ಕೇಳಿದರು.

ವತ್ಸಲಾಬಾಯಿಯವರು ಪೆನ್ಸಿಲನ್ನು ನನ್ನ ಪಕ್ಕಕ್ಕೆ ಇಟ್ಟರು. ಅವರು ಎದ್ದು ನಿಂತು, “ಆಕಿಗೆ ಹೇಳಿ ಕಳಿಸೀನ್ರಿ. ಗಾಬರಿ ಆಗೂದಿಲ್ಲ ಆಕಿ,” ಎಂದರು. ರಾಯರು ಸಮಾಧಾನದಿಂದ ಬೇವಿನ ಕೆಳಗೆ ಹೋದರು.

ಡಾಕ್ಟರು ಹೇಳಿದಂತೆಯೇ ಕೊನೆಯದು ಬೇಗ ಆಯಿತು. ಆ ಚಳಿಗಾಲ ದಾಟುವುದರೊಳಗೆ ರಾಯರು ಹೋದರು. ಬೆಳಗಾವಿಯಲ್ಲಿರುವ ಮಗಳು ಮಾಧವಿ ಬಂದು, ಇನ್ನು ಸಾಕು, ನನ್ನ ಜೊತೆ ಬಂದು ಆರಾಮಾಗಿ ಇರು ಎಂದಳು. ವತ್ಸಲಾಬಾಯಿಯವರು ಮಗಳ ತಲೆ ಸವರಿ, ಬೆಳಗಾವಿಗೆ ಹಬ್ಬಕ್ಕೆ ಬರುವೆನೆಂದು ಹೇಳಿದರು. ದಿನಕರ್ಮ ಮುಗಿದ ಮೇಲಿನ ಸೋಮವಾರ ನನ್ನನ್ನು ಚೀಲದಲ್ಲಿಟ್ಟುಕೊಂಡು ಹಗಲುಮನೆಗೆ ನಡೆದರು. ನನಗೆ ಆ ನಡಿಗೆ ಚೆನ್ನಾಗಿ ನೆನಪಿದೆ. ಅವರ ಮುಂದೆ ಯಾರ ಬೆನ್ನೂ ಇರಲಿಲ್ಲ. ಓಣಿ, ಮರ, ಹಾಲಿನ ಅಂಗಡಿ, ತಿರುವು, ಎಲ್ಲವನ್ನೂ ನಿಂತು ನಿಂತು ನೋಡಿಕೊಂಡು ಹೋದರು.

ಈಗ ನನಗೆ ವಯಸ್ಸಾಗಿದೆ. ಅಂಚು ಸವೆದು ನಡುವೆ ಕೊಂಚ ಬಾಗಿದ್ದೇನೆ. ನನ್ನಿಂದ ಎಳೆದ ಗೆರೆ ನೇರ ಬರುವುದಿಲ್ಲ. ವತ್ಸಲಾಬಾಯಿಯವರು ಹೊಸ ಪಟ್ಟಿ ತಂದುಕೊಂಡಿದ್ದಾರೆ. ನನ್ನನ್ನು ಕಿಟಕಿಯ ಕಟ್ಟೆಯ ಮೇಲೆ, ಕಾಗದ ಹಾರದಂತೆ ಇಟ್ಟಿದ್ದಾರೆ. ಹಗಲೆಲ್ಲ ತೂಕಡಿಸುತ್ತೇನೆ. ಬಿಸಿಲು, ಬೇವಿನ ನೆರಳು, ಒಳಗಿನ ಭಜನೆ, ದೂರದ ರೈಲಿನ ಕೂಗು ಒಂದರೊಳಗೊಂದು ಬೆರೆಯುತ್ತವೆ. ನಾನು ಮರವೋ ಪಟ್ಟಿಯೋ ಎಂಬುದು ಒಮ್ಮೊಮ್ಮೆ ನನಗೇ ಮರೆತುಹೋಗುತ್ತದೆ. ಹಾಗೆ ಮರೆತಾಗ ಭಯವಾಗುವುದಿಲ್ಲ. ಯಾರೋ ಎತ್ತಿಟ್ಟುಕೊಂಡಿದ್ದಾರೆ ಎಂಬುದು ಮಾತ್ರ ತಿಳಿಯುತ್ತದೆ.

ಮೊನ್ನೆ ಬೆಳಿಗ್ಗೆ ಒಂದು ರಸ್ತೆಯನ್ನು ಪೈಪಿಗಾಗಿ ಅಗೆದುಬಿಟ್ಟಿದ್ದರು. ವ್ಯಾನಿನ ಡ್ರೈವರು ಬಾಗಿಲಲ್ಲಿ ನಿಂತು ಹೇಗೆ ಹೋಗಲಿ ಎಂದು ಕೇಳಿದ. ವತ್ಸಲಾಬಾಯಿಯವರು ಕಣ್ಣು ಮುಚ್ಚಿ, ತೆರೆದು, ಹೊಸ ದಾರಿಯನ್ನು ಮನೆ ಮನೆಯಾಗಿ ಹೇಳಿದರು. ಹೇಳಿ ಮುಗಿಸಿ ಅವನನ್ನು ಹೆಸರು ಹಿಡಿದು ಕರೆಯಲು ಬಾಯಿ ತೆರೆದರು. ಹೆಸರು ಬರಲಿಲ್ಲ. ದಿನವೂ ಕರೆಯುವ ಹೆಸರು. ಅವರ ಮುಖ ಬಿಳುಪಾಯಿತು. ಬೆರಳುಗಳು ತಂತಾನೇ ಬಂದು ಕಿಟಕಿಯ ಕಟ್ಟೆಯನ್ನು ಹಿಡಿದವು.

“ಹೆಸರು ಹಿಂದ ಬರೋ ಗಾಡಿಗೆ ಬರ್ತದ,” ಎಂದರು ವತ್ಸಲಾಬಾಯಿಯವರು. “ನೀ ಹೊರಡಪಾ. ಮಂದಿ ಬಾಗಲ್ದಾಗ ಕೂತಿರ್ತಾರ.”

ಅವನು ನಕ್ಕು ಹೊರಟ. ವ್ಯಾನಿನ ಧೂಳು ಅಂಗಳದಲ್ಲಿ ನಿಧಾನವಾಗಿ ಇಳಿಯಿತು. ವತ್ಸಲಾಬಾಯಿಯವರು ಕುರ್ಚಿಗೆ ಬಂದು ಕೂತು, ಸಂಜೆಯ ಗೆರೆ ಎಳೆಯಲು ಪೆನ್ಸಿಲು ಚೂಪು ಮಾಡಿದರು. ಮಧ್ಯಾಹ್ನ ಮಜ್ಜಿಗೆ ಅನ್ನ ಕಲಸುತ್ತಿದ್ದಾಗ ಕೈ ತಟ್ಟೆಯಲ್ಲೇ ನಿಂತಿತು. ಡ್ರೈವರನ ಹೆಸರು ಬಂದಿತ್ತು.

“ಮೌಲಾಸಾಬ,” ಎಂದರು, ಜೋರಾಗಿ. ಕೇಳಲು ಕೋಣೆಯಲ್ಲಿ ಆಗ ನಾನೊಬ್ಬನೇ ಇದ್ದೆ.