ಬೆಳ್ಳಿಯ ಬ್ಯಾಂಡೇಜು

ಪಲ್ಲಾವರಂನ ಹೋಟೆಲಿನಲ್ಲಿ ಗೋಳಿಬಜೆ ಕರಿಯುವಾಗ ಎಣ್ಣೆ ಸಿಡಿದು ವಿಷ್ಣುಮೂರ್ತಿಯ ಬಲಗೈ ಸುಟ್ಟಿತ್ತು. ಗಾಯ ಆರುವ ಬದಲು ಕೀವು ತುಂಬಿಕೊಂಡಿತು. ಕೊಟ್ಟ ಆಂಟಿಬಯಾಟಿಕ್‌ಗಳಿಗೆಲ್ಲ ಆ ಹಾಳು ಕ್ರಿಮಿ ಕ್ಯಾರೇ ಅನ್ನಲಿಲ್ಲ. ಕೊನೆಗೆ ಡಾಕ್ಟರ್ ಜಯಲಕ್ಷ್ಮೀ ಬೆಳ್ಳಿಯ ನ್ಯಾನೋ ಕಣಗಳಿರುವ ಬ್ಯಾಂಡೇಜು ಕಟ್ಟಿದರು. ಅದು ಸದಾ ತೇವವಾಗಿರಬೇಕು, ಆಗಲೇ ಬೆಳ್ಳಿ ಗಾಯಕ್ಕಿಳಿದು ಕ್ರಿಮಿಯನ್ನು ಕೊಲ್ಲುವುದು ಎಂದು ಹೇಳಿ, ಹೆಂಡತಿ ಸರಸಳ ಕೈಗೆ ನೀರಿನ ಬಾಟಲಿ ಕೊಟ್ಟರು. ಇದಕ್ಕೂ ಬಗ್ಗದಿದ್ದರೆ ಎರಡು ಬೆರಳು ತೆಗೆಯಬೇಕಾದೀತು ಎಂದರು. ಅಡುಗೆಯವನ ಬಲಗೈ ಬೆರಳು! ಸರಸಳ ಜೀವ ಬಾಯಿಗೆ ಬಂತು.

ಅವಳು ಮಾಡದ್ದಿಲ್ಲ. ಹೊತ್ತು ಹೊತ್ತಿಗೆ ಬ್ಯಾಂಡೇಜು ನೆನೆಸಿದಳು, ಉಡುಪಿ ಕೃಷ್ಣನಿಗೆ ಹರಕೆ ಹೊತ್ತಳು. ಆದರೂ ಬಿಚ್ಚಿದಾಗ ಕೀವು ಇದ್ದ ಹಾಗೇ ಇತ್ತು.

"ಯಾಕೆ ವೇಲೆ ಮಾಡ್ಲಿಲ್ಲ ಈ ಬೆಳ್ಳಿ?" ತಮಿಳು ಬೆರೆತ ಕನ್ನಡದಲ್ಲಿ ಕೇಳಿದ ಡಾಕ್ಟರ ಮುಖ ಸಪ್ಪಗಾಯಿತು. "ನಾನು ಕೊಟ್ಟ ನೀರೇ ತಾನೇ ಹಾಕಿದ್ದು ನೀವು?"

"ಅದೇ ಡಾಕ್ಟ್ರೆ. ಬರೀ ನೀರು ಬಿದ್ರೆ ಗಾಯ ಕೊಳೀತದಲ್ಲ, ಅದಕ್ಕೆ ಒಂಚೂರು ಕಲ್ಲುಪ್ಪು ಹಾಕಿ ಕುದಿಸಿದ್ದೆ. ನಮ್ಮ ಊರಲ್ಲಿ ಗಾಯಕ್ಕೆ ಉಪ್ಪುನೀರೇ ಅಲ್ವಾ?"

ಡಾಕ್ಟರು ಹಣೆ ಚಚ್ಚಿಕೊಂಡರು, ಮರುಕ್ಷಣ ನಕ್ಕೇಬಿಟ್ಟರು. "ಅಯ್ಯೋ ರಾಮ! ಉಪ್ಪು ಬೆಳ್ಳೀನ ಹಿಡ್ಕೊಂಡ್ಬಿಡತ್ತೆ ಅಮ್ಮಾ. ಆಮೇಲೆ ಅದು ಕ್ರಿಮಿ ಹತ್ರ ಹೋಗೋದೆಲ್ಲಿ? ಔಷಧಿ ಸೋತಿಲ್ಲ, ನೀವೇ ಅದನ್ನ ಕಟ್ಟಿ ಹಾಕಿದೀರಿ. ಪರವಾಯಿಲ್ಲ, ಇನ್ನೊಂದು ತಡವೆ ನೋಡೋಣ."

ಸರಸಳಿಗೆ ನಾಚಿಕೆಯಾಗಬೇಕಿತ್ತು, ಆದದ್ದು ನೆಮ್ಮದಿ. ತಪ್ಪು ತನ್ನದಾದರೆ ತಿದ್ದಿಕೊಳ್ಳಬಹುದು, ಕ್ರಿಮಿಯನ್ನು ತಿದ್ದುವವರು ಯಾರು? ಆಮೇಲೆ ಬಾಟಲಿಯ ನೀರೊಂದನ್ನು ಬಿಟ್ಟು ಬೇರೇನನ್ನೂ ಅವಳು ಆ ಕೈಯ ಹತ್ತಿರ ಸುಳಿಯಗೊಡಲಿಲ್ಲ. ಮುಂದಿನ ಸಲ ಬಿಚ್ಚಿದಾಗ ಕೀವು ಇಳಿದಿತ್ತು. ಇನ್ನೂ ಕೆಲವು ವಾರ ಕಳೆದ ಮೇಲೆ ಎಳೆಯ ಚರ್ಮ ಗಾಯವನ್ನೆಲ್ಲ ಮುಚ್ಚಿತ್ತು.

"ಬೆರಳು ಉಳೀತು," ಎಂದರು ಡಾಕ್ಟರು. "ಎಲ್ಲಿ, ಹೆಂಡ್ತಿ ಕೈ ಗಟ್ಟಿಯಾಗಿ ಹಿಡೀರಿ ನೋಡೋಣ."

ವಿಷ್ಣುಮೂರ್ತಿ ಅತ್ತಿತ್ತ ನೋಡಿದ. ಮದುವೆಯ ಮಂಟಪ ಬಿಟ್ಟರೆ ನಾಲ್ಕು ಜನರೆದುರು ಅವಳ ಕೈ ಹಿಡಿದವನೇ ಅಲ್ಲ. "ಎಂತ ಡಾಕ್ಟ್ರೆ, ಇಲ್ಲಿಯಾ?" ಎಂದು ಗೊಣಗುತ್ತಲೇ ಹಿಡಿದ.

ಹಿಡಿದನೆಂದರೆ, ಹಿಟ್ಟು ನಾದುವವನ ಹಿಡಿತ. ಅವಳ ಬಳೆಗಳು ಚರ್ಮಕ್ಕೆ ಒತ್ತಿದವು, ಕಣ್ಣಲ್ಲಿ ನೀರು ಬರುವಷ್ಟು ನೋವಾಯಿತು. ಬಿಡಿ ಎಂದು ಮಾತ್ರ ಸರಸ ಹೇಳಲಿಲ್ಲ.